ಲೋಕಶಾಂತಿ, ಸದಾಚಾರ ಮತ್ತು ದಂಡನೀತಿ

(ಬೀದರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಶಾಸ್ತ್ರವಿಷಯಗಳನ್ನು ಜನಸಾಮಾನ್ಯರ ನುಡಿಯಲ್ಲಿ ಜನಸಾಮಾನ್ಯರೆದುರು ವಿಚಾರಿಸಬೇಕೆಂಬ ಆಶಯದಿಂದ ನಡೆಯುವ ಈ ಉಪನ್ಯಾಸಕ್ಕೆ ನನ್ನನ್ನು ಕರೆದುದಕ್ಕಾಗಿ ನಾನು ಕೃತಜ್ಞನಾಗಿದ್ದೇನೆ. ದಂಡಶಾಸ್ತ್ರದ ವಿಶಾಲವಾದ ಕ್ಷೇತ್ರದಲ್ಲಿ ಸಾರ್ವಜನಿಕ ಶಾಂತಿಗೆ ಮತ್ತು ಸದಾಚಾರಕ್ಕೆ ವಿರುದ್ಧವಾದ ಅಪರಾಧಗಳೆಂಬ ಒಂದು ಭಾಗವನ್ನು ನಾನು ಈ ದಿನ ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ಕಳೆದ ಕೆಲವೇ ವರ್ಷಗಳಲ್ಲಿ ಈ ನಗರದಲ್ಲಿ ನಡೆದ ಒಂದು ಶಾಲಾ ನಾಟಕವೂ, ಇಲ್ಲಿಗೆ ದೂರವಲ್ಲದ ಮುರ್ಕಿ ಎಂಬ ಹಳ್ಳಿಯಲ್ಲಿ ನಡೆದ ಒಂದು ಹತ್ಯೆಯೂ ದೇಶವೆಲ್ಲ ನಮ್ಮ ಜಿಲ್ಲೆಯ ಕಡೆಗೆ ತಿರುಗಿ ನೋಡುವಂತೆ ಮಾಡಿದುವು. ಆ ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದವನಿಗೆ ಈ ಕಾನೂನಿನ ಬಲವೂ ದೌರ್ಬಲ್ಯವೂ ಏಕಕಾಲಕ್ಕೆ ಗೋಚರಿಸುತ್ತವೆ.

1

ಕೊಲೆ, ಕಳವು, ವಂಚನೆ ಮೊದಲಾದ ಅಪರಾಧಗಳಲ್ಲಿ ನೊಂದವನು ಇಂಥವನೇ ಎಂದು ಬೆರಳು ಮಾಡಿ ತೋರಿಸಬಹುದು. ಮನೆ ಕಳೆದುಕೊಂಡವನು, ಮಗನನ್ನು ಕಳೆದುಕೊಂಡವಳು, ಹಣ ಕಳೆದುಕೊಂಡವನು ನ್ಯಾಯಾಲಯದ ಮುಂದೆ ಬಂದು ನಿಂತಾಗ ಅಪರಾಧವು ಎಷ್ಟು ದೊಡ್ಡದೆಂದು ಅಳೆಯಲು ನ್ಯಾಯಾಧೀಶನಿಗೆ ಒಂದು ಮಾನದಂಡ ದೊರೆಯುತ್ತದೆ. ಲೋಕಶಾಂತಿಗೆ ವಿರುದ್ಧವಾದ ಅಪರಾಧಗಳಲ್ಲಿಯಾದರೋ ನೊಂದದ್ದು ಸಮಾಜ. ಸದಾಚಾರಕ್ಕೆ ವಿರುದ್ಧವಾದವುಗಳಲ್ಲಿ ನೊಂದದ್ದು ಸಮಾಜದ ಶೀಲ. ಸಮಾಜವು ಸ್ವತಃ ಠಾಣೆಗೆ ಬಂದು ಫಿರ್ಯಾದಿ ಬರೆದುಕೊಡಲಾರದಾದಕಾರಣ ಅದರ ಹೆಸರಿನಲ್ಲಿ ಬೇರೊಬ್ಬನು ಬರುತ್ತಾನೆ. ಹಾಗೆ ಬಂದವನು ನಿಜವಾಗಿಯೂ ಎಲ್ಲರ ಪರವಾಗಿ ಮಾತನಾಡುತ್ತಿರುವನೋ, ತನ್ನ ರೋಷಕ್ಕೆ ಎಲ್ಲರ ಹೆಸರನ್ನು ಹೊದಿಸಿಕೊಂಡು ಬಂದಿರುವನೋ ಎಂಬುದನ್ನು ಬೇರ್ಪಡಿಸಿ ನೋಡುವುದರಲ್ಲಿಯೇ ಈ ಶಾಖೆಯ ನ್ಯಾಯವೆಲ್ಲ ಅಡಗಿದೆ.

ಮೆಕಾಲೆಯ ನೇತೃತ್ವದ ಕಾನೂನು ಆಯೋಗವು 1837ರಲ್ಲಿ ಕರಡನ್ನು ಸಿದ್ಧಪಡಿಸಿದ, 1860ರಲ್ಲಿ ಅಂಗೀಕೃತವಾಗಿ, 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತ ದಂಡಸಂಹಿತೆಯು ಈ ಅಪರಾಧಗಳನ್ನು ಎರಡು ಅಧ್ಯಾಯಗಳಲ್ಲಿ ಅಳವಡಿಸಿತ್ತು. ಎಂಟನೆಯ ಅಧ್ಯಾಯವು ಅಕ್ರಮ ಕೂಟ, ದೊಂಬಿ, ಬೀದಿಜಗಳ ಇತ್ಯಾದಿಗಳನ್ನೂ, ಹದಿನಾಲ್ಕನೆಯದು ಸಾರ್ವಜನಿಕ ಆರೋಗ್ಯ, ಸುರಕ್ಷತೆ, ಸಭ್ಯತೆ ಮತ್ತು ನೀತಿಗೆ ಬಾಧಕವಾದ ಕೃತ್ಯಗಳನ್ನೂ ಹೇಳುತ್ತಿತ್ತು. ರಾಜದ್ರೋಹದ 124-ಎ ಕಲಮು 1870ರಲ್ಲಿ, ವರ್ಗವರ್ಗಗಳ ನಡುವೆ ದ್ವೇಷ ಬಿತ್ತುವುದನ್ನು ದಂಡಿಸುವ 153-ಎ ಕಲಮು 1898ರಲ್ಲಿ, ಧರ್ಮಭಾವನೆಯನ್ನು ಬುದ್ಧಿಪೂರ್ವಕವಾಗಿ ಕೆರಳಿಸುವುದನ್ನು ದಂಡಿಸುವ 295-ಎ ಕಲಮು 1927ರಲ್ಲಿ ಬಂದು ಸೇರಿದುವು. 2024ರ ಜುಲೈ 1ರಿಂದ ಇದೆಲ್ಲವೂ ಭಾರತೀಯ ನ್ಯಾಯ ಸಂಹಿತೆಯೊಳಕ್ಕೆ ಸಾಗಿ, ಲೋಕಶಾಂತಿಯ ಅಪರಾಧಗಳು ಅದರ ಹನ್ನೊಂದನೆಯ ಅಧ್ಯಾಯದಲ್ಲಿಯೂ, ಸಭ್ಯತೆ ಮತ್ತು ನೀತಿಯವು ಹದಿನೈದನೆಯ ಅಧ್ಯಾಯದಲ್ಲಿಯೂ ನೆಲೆಸಿವೆ. ಕಲಮುಗಳ ಸಂಖ್ಯೆ 511ರಿಂದ 358ಕ್ಕೆ ಇಳಿದಿದ್ದರೂ ಈ ಅಧ್ಯಾಯಗಳ ಒಡಲು ಬಹುಮಟ್ಟಿಗೆ ಹಳೆಯದೇ ಆಗಿದೆ.

ನಮ್ಮ ಬೀದರಿಗೆ ಭಾರತ ದಂಡಸಂಹಿತೆಯು 1862ರಲ್ಲಿ ಬರಲಿಲ್ಲ. ನಾವು ಹೈದರಾಬಾದ ಸಂಸ್ಥಾನದ ಪ್ರಜೆಗಳಾಗಿದ್ದು, ಆ ಸಂಸ್ಥಾನಕ್ಕೆ ತನ್ನದೇ ಆದ ದಂಡಸಂಹಿತೆಯಿದ್ದುದರಿಂದ, ಸಂಸ್ಥಾನವು ಭಾರತದಲ್ಲಿ ವಿಲೀನವಾದ ಅನಂತರ, 1951ರ ಏಪ್ರಿಲಿನಲ್ಲಿ ‘ಬಿ’ ವರ್ಗದ ರಾಜ್ಯಗಳ ಕಾನೂನು ಅಧಿನಿಯಮದ ಮೂಲಕ ಅದು ನಮಗೆ ಅನ್ವಯವಾಯಿತು. ಅಂದರೆ ಮದರಾಸು, ಮುಂಬಯಿ ಪ್ರಾಂತಗಳ ಜನ ಒಂದೂವರೆ ಶತಮಾನಕ್ಕೂ ಮಿಕ್ಕಿ ಬಾಳಿದ ಸಂಹಿತೆಯೊಡನೆ ನಾವು ಬಾಳಿದ್ದು ಎಪ್ಪತ್ತಮೂರು ವರ್ಷ ಮಾತ್ರ. ಅದಕ್ಕೆ ಮೊದಲಿನ ನಮ್ಮ ಅನುಭವವು ಬೇರೆಯ ಬಗೆಯದು, ಮತ್ತು ಅದನ್ನು ಮರೆತು ಈ ವಿಷಯವನ್ನು ನಾವು ಮಾತನಾಡುವಂತಿಲ್ಲ.

2

ಬೀದರಿನ ಚೌಬಾರಾ ಗೋಪುರದಿಂದ ಕೋಟೆಯತ್ತ ನಡೆದುಹೋಗುವ ಯಾತ್ರಿಕನ ಕಣ್ಣಿಗೆ ಮುರಿದ ಮುಖಮಂಟಪದ, ಬಣ್ಣದ ಹೆಂಚುಗಳಿನ್ನೂ ಅಲ್ಲಲ್ಲಿ ಹೊಳೆಯುವ ಮದರಸಾ ಒಂದು ಬೀಳುತ್ತದೆ. ಬಹಮನಿ ರಾಜ್ಯದ ಮಂತ್ರಿ ಖ್ವಾಜಾ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಆ ವಿದ್ಯಾಲಯದ ನೆರಳಿನಲ್ಲಿ ನಿಂತು ನಾವು ನೆನೆಯಬೇಕಾದುದು ಅವನ ಮರಣವನ್ನು. ಅವನ ವೈರಿಗಳು ಅವನ ಮುದ್ರಾಧಿಕಾರಿಯನ್ನು ವಶಪಡಿಸಿಕೊಂಡು ಬರಿಯ ಕಾಗದದ ಮೇಲೆ ಅವನ ಮುದ್ರೆಯನ್ನೊತ್ತಿಸಿ, ಒರಿಸ್ಸಾದ ಅರಸನನ್ನು ರಾಜ್ಯದ ಮೇಲೆ ಬರುವಂತೆ ಆಹ್ವಾನಿಸುವ ಪತ್ರವನ್ನು ಅದರಲ್ಲಿ ಬರೆದು, ಮೂರನೆಯ ಮುಹಮ್ಮದ ಶಾಹನ ಕೈಗೆ ಮುಟ್ಟಿಸಿದರೆಂದು ಇತಿಹಾಸಕಾರರು ಹೇಳುತ್ತಾರೆ. ಮುದ್ರೆ ತನ್ನದು, ಪತ್ರ ತನ್ನದಲ್ಲವೆಂದು ವೃದ್ಧ ಮಂತ್ರಿಯು ವಿಜ್ಞಾಪಿಸಿಕೊಂಡರೂ, ವಿಚಾರಣೆಯಿಲ್ಲದೆ, ಸಾಕ್ಷಿಯಿಲ್ಲದೆ, 1481ರಲ್ಲಿ ಅವನ ಶಿರಶ್ಛೇದವಾಯಿತು. ಸತ್ಯವನ್ನರಿತ ಸುಲ್ತಾನನು ಪಶ್ಚಾತ್ತಾಪದಿಂದ ಬೆಂದು ಮರುವರ್ಷವೇ ತೀರಿಕೊಂಡನು. ಆಮೇಲೆ ಆ ರಾಜ್ಯವು ಒಡೆದು ಹಂಚಿಹೋಯಿತು. ರಾಜ್ಯದ ಭದ್ರತೆಯ ಹೆಸರಿನಲ್ಲಿ ಅವಸರದಿಂದ ವಿಧಿಸಿದ ಶಿಕ್ಷೆಯು ರಾಜ್ಯವನ್ನೇ ಅಭದ್ರಗೊಳಿಸಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಹೊರದೇಶಗಳ ಚರಿತ್ರೆಯಲ್ಲಿ ಹುಡುಕಬೇಕಾಗಿಲ್ಲ.

ಅದಕ್ಕೂ ಮೂರು ಶತಮಾನಗಳ ಹಿಂದೆ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ, ವರ್ಣಸಂಕರದಿಂದ ಲೋಕನೀತಿಯು ಕೆಟ್ಟಿತೆಂದು ಕೂಗೆದ್ದು, ಅರಸ ಬಿಜ್ಜಳನು ಆ ಇಬ್ಬರು ತಂದೆಯರಿಗೆ ಮರಣದಂಡನೆ ವಿಧಿಸಿದನೆಂದು ಶರಣ ಪರಂಪರೆಯು ನೆನಪಿಟ್ಟುಕೊಂಡಿದೆ. ಪ್ರಾಪ್ತವಯಸ್ಕರ ವಿವಾಹವೊಂದು ಯಾರ ಆಸ್ತಿಯನ್ನೂ ಕಸಿಯಲಿಲ್ಲ, ಯಾರ ಮೈಮೇಲೂ ಕೈಮಾಡಲಿಲ್ಲ. ಅದು ನೋಯಿಸಿದ್ದು ಕೆಲವರ ಆಚಾರಾಭಿಮಾನವನ್ನು ಮಾತ್ರ. ಆದರೂ ಆ ಅಭಿಮಾನಕ್ಕೆ ಲೋಕನೀತಿಯೆಂಬ ಪದವಿ ದೊರೆತು, ಅದರ ಹಿಂದೆ ಅರಸನ ದಂಡವು ಬಂದು ನಿಂತಿತು. ಶಾಂತಿಗಾಗಿ ವಿಧಿಸಿದ ಆ ಶಿಕ್ಷೆಯಿಂದ ಕಲ್ಯಾಣದ ಶಾಂತಿಯೇ ಹಾಳಾಯಿತು.

ನಿಜಾಮರ ಆಳ್ವಿಕೆಯ ಕಡೆಯ ದಶಕಗಳಲ್ಲಿ ಜನರು ಒಂದೆಡೆ ಸಭೆ ಸೇರಬೇಕಾದರೂ ಸರಕಾರದ ಪೂರ್ವಾನುಮತಿ ಬೇಕೆಂದು ವಿಧಿಸಿದ ‘ಗಷ್ತಿ ನಿಶಾನ್ 53’ ಎಂಬ ಸುತ್ತೋಲೆಯೊಂದು ಇದ್ದಿತು. ಪುರಾಣ ಪ್ರವಚನದಿಂದ ಹಿಡಿದು ವಾಚನಾಲಯದ ವಾರ್ಷಿಕೋತ್ಸವದವರೆಗೆ ಎಲ್ಲವೂ ಅಧಿಕಾರಿಯ ಮರ್ಜಿಯನ್ನು ಕಾಯಬೇಕಾಗಿದ್ದ ಆ ಕಾಲದಲ್ಲಿ, ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಈ ಸಭೆಯಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾದುದಿಲ್ಲ. ಅಂದಿನ ಆಡಳಿತದ ದೃಷ್ಟಿಯಿಂದ ನೋಡಿದರೆ ಆ ಪಾಠಶಾಲೆಯು ಶಿಸ್ತಿನ ಉಲ್ಲಂಘನೆ; ಇಂದು ನಾವು ಅದನ್ನು ಪುಣ್ಯಕಾರ್ಯವೆಂದು ಕೈಮುಗಿದು ನೆನೆಯುತ್ತೇವೆ. ಒಂದು ಕಾಲದ ಶಾಂತಿಭಂಗವು ಇನ್ನೊಂದು ಕಾಲದ ಲೋಕೋಪಕಾರವಾಗಬಲ್ಲದೆಂಬುದನ್ನು ಭಾಲ್ಕಿಯಷ್ಟು ಚೆನ್ನಾಗಿ ಬಲ್ಲ ಊರು ಅಪರೂಪ.

3

ಇಷ್ಟನ್ನು ಕೇಳಿದ ಯಾರಾದರೂ ಶಾಂತಿಪಾಲನೆಯೆಂಬುದೇ ಆಳುವವರ ಒಂದು ನೆಪವೆಂದು ಭಾವಿಸಿದರೆ ಅದು ತಪ್ಪು ಗ್ರಹಿಕೆಯಾದೀತು. 1948ನೆಯ ಇಸವಿಯು ನಮಗೆ ಅದರ ಎದುರು ಪಾಠವನ್ನು ಕಲಿಸಿದೆ. ಆ ವರ್ಷದ ಮೇ ತಿಂಗಳಿನಲ್ಲಿ ನಮ್ಮ ಜಿಲ್ಲೆಯ ಗೋರ್ಟಾ ಗ್ರಾಮದ ಮೇಲೆ ನಿಜಾಮಪರ ಪಡೆಯವರಾದ ರಜಾಕಾರರು ಎರಗಿ ನಿರಪರಾಧಿಗಳನ್ನು ಕೊಂದರು. ಸೆಪ್ಟೆಂಬರಿನಲ್ಲಿ ಭಾರತ ಸರಕಾರ ನಡೆಸಿದ ಪೊಲೀಸ್ ಕಾರ್ಯಾಚರಣೆಯಿಂದ ಸಂಸ್ಥಾನವು ಶರಣಾದ ಮೇಲೆ ಸೇಡಿನ ಅಲೆಯೆದ್ದು ನಿರಪರಾಧಿ ಮುಸಲ್ಮಾನರು ಹತರಾದರು. ಅದನ್ನು ವಿಚಾರಿಸಲು ಬಂದ ಸುಂದರಲಾಲ ಸಮಿತಿಯು ಅತ್ಯಂತ ಹೆಚ್ಚು ಕೆಡುಕನ್ನನುಭವಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಎಣಿಸಿತು. ಒಂದೇ ವರ್ಷದಲ್ಲಿ, ಒಂದೇ ನೆಲದಲ್ಲಿ, ಮೊದಲು ಒಬ್ಬರ ಬಾಗಿಲಿಗೆ, ಬಳಿಕ ಮತ್ತೊಬ್ಬರ ಬಾಗಿಲಿಗೆ ಗುಂಪು ಬಂದು ನಿಂತಿತು. ಗುಂಪಿನ ಕೈಯಲ್ಲಿ ಧ್ವಜ ಯಾವುದಿದ್ದರೂ ಬಾಗಿಲ ಹಿಂದೆ ನಿಂತು ನಡುಗಿದ ತಾಯಿಯ ಭಯ ಒಂದೇ ಬಗೆಯದು. ದುರ್ಬಲನಿಗೆ ಲೋಕಶಾಂತಿಯು ಉಸಿರಿನಷ್ಟೇ ಅವಶ್ಯವಾದುದು. ಬಲಿಷ್ಠನು ಅದಿಲ್ಲದೆಯೂ ಹೇಗೋ ಬದುಕಿಕೊಳ್ಳುತ್ತಾನೆ. ಆದುದರಿಂದ ದೊಂಬಿಯನ್ನು ಅಡಗಿಸುವ ಕಾನೂನು ಪ್ರಜಾಪ್ರಭುತ್ವಕ್ಕೆ ಶತ್ರುವಲ್ಲ, ಅದರ ಬುನಾದಿಯೇ ಆಗಿದೆ.

ಹಾಗಾದರೆ ಈ ಕಾನೂನಿನ ಅಧಿಕಾರವು ಎಲ್ಲಿಂದ ಆರಂಭವಾಗಬೇಕು? 1950ರಲ್ಲಿ ಎರಡು ಪತ್ರಿಕೆಗಳ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಬರಿಯ ಸಾರ್ವಜನಿಕ ಸುವ್ಯವಸ್ಥೆಯ ಕಾರಣಕ್ಕಾಗಿ ಅಭಿವ್ಯಕ್ತಿಯನ್ನು ನಿರ್ಬಂಧಿಸಲು ಅಂದಿನ ಸಂವಿಧಾನದ ಪಾಠದಲ್ಲಿ ಅವಕಾಶವಿಲ್ಲವೆಂದು ಹೇಳಿತು. ಮರುವರ್ಷವೇ ಮೊದಲನೆಯ ತಿದ್ದುಪಡಿಯಿಂದ ಆ ಕಾರಣವು 19ನೆಯ ಅನುಚ್ಛೇದದೊಳಗೆ ಪ್ರವೇಶಿಸಿತು. ಸಭ್ಯತೆ ಮತ್ತು ನೀತಿ ಮೊದಲಿನಿಂದಲೂ ಅಲ್ಲಿದ್ದುವು. ಆದರೆ ಅದೇ ತಿದ್ದುಪಡಿಯು ನಿರ್ಬಂಧವು ಸಮಂಜಸವಾಗಿರತಕ್ಕದ್ದು ಎಂಬ ಕಟ್ಟಳೆಯನ್ನೂ ಜತೆಗೆ ತಂದಿತು. ಮುಂದೆ ರಾಮಮನೋಹರ ಲೋಹಿಯಾ ಅವರ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಒಂದರೊಳಗೊಂದು ಅಡಗಿದ ಮೂರು ವರ್ತುಲಗಳನ್ನು ಕಲ್ಪಿಸಿಕೊಟ್ಟರು: ಹೊರಗಿನ ದೊಡ್ಡ ವರ್ತುಲ ಕಾನೂನು ಮತ್ತು ಶಿಸ್ತು, ಅದರೊಳಗಿನದು ಸಾರ್ವಜನಿಕ ಸುವ್ಯವಸ್ಥೆ, ಎಲ್ಲಕ್ಕೂ ಒಳಗಿನ ಚಿಕ್ಕದು ರಾಜ್ಯದ ಭದ್ರತೆ. ಇಬ್ಬರು ಸಂತೆಯಲ್ಲಿ ಕೈಕೈ ಮಿಲಾಯಿಸಿದರೆ ಕಾನೂನು ಭಂಗವಾಗುತ್ತದೆ. ಆದರೆ ಊರಿನ ಬದುಕಿನ ಲಯವೇ ಕೆಡುವವರೆಗೆ ಸಾರ್ವಜನಿಕ ಸುವ್ಯವಸ್ಥೆ ಕೆಟ್ಟಿತೆನ್ನುವಂತಿಲ್ಲ. ರಾಜದ್ರೋಹದ ವಿಷಯದಲ್ಲಿಯೂ 1962ರ ಕೇದಾರನಾಥ ಸಿಂಗ್ ತೀರ್ಪು, ಹಿಂಸೆಗೆ ಪ್ರಚೋದಿಸುವ ಅಥವಾ ಅವ್ಯವಸ್ಥೆಯನ್ನುಂಟುಮಾಡುವ ಪ್ರವೃತ್ತಿಯಿಲ್ಲದ ಟೀಕೆಯು, ಅದು ಎಷ್ಟೇ ಕಟುವಾದರೂ, ಅಪರಾಧವಲ್ಲವೆಂದು ಮೇರೆ ಕಟ್ಟಿತು.

ಈ ತೀರ್ಪುಗಳೆಲ್ಲವನ್ನೂ ಹಿಂಡಿ ತೆಗೆದರೆ ದೊರೆಯುವ ಸಾರವು ಒಂದೇ. ಕೃತ್ಯವು ಹಿಂಸೆಗೆ ಎಷ್ಟು ಹತ್ತಿರದಲ್ಲಿದೆಯೆಂಬುದೇ ಈ ಕಾನೂನಿನ ಅಳತೆಗೋಲು. ಮಾತಿನ ಎದುರಿಗೆ ದಂಡವು ನಿಧಾನಿಸಬೇಕು. ಎತ್ತಿದ ಕೈಯ ಎದುರಿಗೆ ಅದು ಧಾವಿಸಬೇಕು. ನಮ್ಮ ಜಿಲ್ಲೆಯ ಎರಡು ಪ್ರಕರಣಗಳನ್ನು ಈಗ ಈ ಅಳತೆಗೋಲಿನಿಂದ ನೋಡೋಣ.

4

2020ರ ಜನವರಿ 21ರಂದು ಬೀದರ ನಗರದ ಶಾಹೀನ್ ಶಾಲೆಯ ಚಿಕ್ಕ ತರಗತಿಗಳ ಮಕ್ಕಳು ಶಾಲೆಯ ಆವರಣದೊಳಗೆ ಒಂದು ನಾಟಕವನ್ನಾಡಿದರು. ವಸ್ತುವು ಪೌರತ್ವ ತಿದ್ದುಪಡಿ ಕಾಯ್ದೆ, ಪೌರತ್ವ ನೋಂದಣಿ; ಸಂಭಾಷಣೆಯಲ್ಲಿ ಪ್ರಧಾನಮಂತ್ರಿಯವರನ್ನು ಕುರಿತು ಪಾದರಕ್ಷೆಯ ಮಾತೂ ಬಂದಿತ್ತು. ಅದರ ದೃಶ್ಯವು ಸಾಮಾಜಿಕ ಜಾಲತಾಣದಲ್ಲಿ ಹರಡಿ, ಒಂದು ಫಿರ್ಯಾದಿಯ ಮೇಲೆ ಗಣರಾಜ್ಯೋತ್ಸವದ ದಿನ ನ್ಯೂಟೌನ್ ಠಾಣೆಯಲ್ಲಿ ರಾಜದ್ರೋಹ, ವರ್ಗದ್ವೇಷ, ಶಾಂತಿಭಂಗಕ್ಕೆ ಪ್ರಚೋದನೆ ಮೊದಲಾದ ಕಲಮುಗಳಲ್ಲಿ ಪ್ರಕರಣ ದಾಖಲಾಯಿತು. ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನೂ, ನಾಟಕದಲ್ಲಿ ಪಾತ್ರ ವಹಿಸಿದ ಬಾಲಕಿಯ ತಾಯಿಯನ್ನೂ ಬಂಧಿಸಲಾಗಿ, ಅವರು ಫೆಬ್ರವರಿಯ ಮಧ್ಯದವರೆಗೆ ಕಾರಾಗೃಹದಲ್ಲಿದ್ದರು. ಇತ್ತ ಶಾಲೆಗೆ ಪೊಲೀಸರು ಮತ್ತೆ ಮತ್ತೆ ಬಂದು ಮಕ್ಕಳನ್ನು ಪ್ರಶ್ನಿಸಿದರು. ಸಮವಸ್ತ್ರವನ್ನು ಧರಿಸಿ, ಶಸ್ತ್ರವನ್ನೂ ಹೊಂದಿದ್ದವರು ಮಕ್ಕಳ ಮುಂದೆ ಕುಳಿತ ಚಿತ್ರವನ್ನು ನೋಡಿದ ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ, ಇದು ಮೇಲ್ನೋಟಕ್ಕೆ ಬಾಲನ್ಯಾಯ ಕಾಯ್ದೆಯ ಹಾಗೂ ಮಕ್ಕಳ ಹಕ್ಕುಗಳ ಉಲ್ಲಂಘನೆಯೆಂದು ಅಭಿಪ್ರಾಯಪಟ್ಟಿತು.

ಇಲ್ಲಿ ನಮ್ಮ ಊರಿನ ನ್ಯಾಯಾಲಯದ ಹಿರಿಮೆಯನ್ನು ಹೇಳದಿರುವುದು ಅನ್ಯಾಯವಾದೀತು. 2020ರ ಮಾರ್ಚಿನಲ್ಲಿ ಶಾಲೆಯ ಆಡಳಿತ ಮಂಡಳಿಯವರಿಗೆ ನಿರೀಕ್ಷಣಾ ಜಾಮೀನನ್ನು ನೀಡುತ್ತ ಬೀದರಿನ ಜಿಲ್ಲಾ ಸತ್ರ ನ್ಯಾಯಾಲಯವು, ಆ ನಾಟಕದಿಂದ ಸಮಾಜದಲ್ಲಿ ಯಾವ ಸಾಮರಸ್ಯಭಂಗವೂ ಉಂಟಾಗಿಲ್ಲವೆಂದು ಕಂಡುಕೊಂಡಿತು. 2023ರ ಜೂನಿನಲ್ಲಿ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠವು ಅವರ ಮೇಲಿನ ಪ್ರಕರಣವನ್ನೇ ರದ್ದುಪಡಿಸಿತು. ನಾಟಕವು ಶಾಲೆಯ ಆವರಣದೊಳಗೆ ನಡೆಯಿತು. ಹಿಂಸೆಗೆ ಜನರನ್ನು ಪ್ರೇರೇಪಿಸುವ ಮಾತು ಮಕ್ಕಳ ಬಾಯಿಂದ ಬರಲಿಲ್ಲ. ಅದು ಜಾಲತಾಣದ ಮೂಲಕವಲ್ಲದೆ ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಎರಡು ಕೋಮುಗಳ ನಡುವೆ ವೈಷಮ್ಯವನ್ನು ಎಬ್ಬಿಸಿದುದೂ ಕಾಣದು. ಇವು ಆ ತೀರ್ಪಿನ ಕಾರಣಗಳು. ಅದೇ ತೀರ್ಪು, ಪ್ರಧಾನಮಂತ್ರಿಯವರಿಗೆ ಪಾದರಕ್ಷೆಯಿಂದ ಹೊಡೆಯಬೇಕೆಂಬ ಮಾತು ಅವಹೇಳನಕರವೂ ಬೇಜವಾಬ್ದಾರಿಯದೂ ಆದುದೆಂದು, ಮಕ್ಕಳಿಗೆ ಅಂತಹುದನ್ನು ಕಲಿಸದೆ ವಿದ್ಯೆಯ ಕಡೆಗೆ ಗಮನ ಕೊಡಬೇಕೆಂದು ಶಾಲೆಗೆ ಬುದ್ಧಿವಾದವನ್ನೂ ಹೇಳಿತು.

ಈ ಎರಡು ಮಾತುಗಳನ್ನು ಒಂದೇ ಲೇಖನಿಯಿಂದ ಬರೆದುದು ನನಗೆ ಬಹು ಅರ್ಥಪೂರ್ಣವಾಗಿ ತೋರುತ್ತದೆ. ಒಂದು ನುಡಿಯು ಸಭ್ಯವಲ್ಲವೆಂದು ಹೇಳುವುದು ಬೇರೆ. ಅದಕ್ಕಾಗಿ ಸೆರೆಮನೆಯ ಬಾಗಿಲನ್ನು ತೆರೆಯುವುದು ಬೇರೆ. ಗುರುಹಿರಿಯರು, ಊರ ಪ್ರಮುಖರು, ಪತ್ರಿಕೆಗಳು, ತಂದೆತಾಯಿಗಳು ಬುದ್ಧಿಹೇಳಿ ತಿದ್ದಬೇಕಾದ ಕಡೆಯಲ್ಲೆಲ್ಲ ದಂಡವನ್ನು ತಂದು ನಿಲ್ಲಿಸಿದರೆ ಆ ತಿದ್ದುವ ಶಕ್ತಿಗಳೇ ಕ್ಷೀಣಿಸುತ್ತವೆ. 2022ರ ಮೇ 11ರಂದು ಸರ್ವೋಚ್ಚ ನ್ಯಾಯಾಲಯವು ರಾಜದ್ರೋಹದ ಕಲಮನ್ನು ತಡೆಹಿಡಿಯಿತು. ಹೊಸ ಸಂಹಿತೆಯಲ್ಲಿ ಆ ಹೆಸರಿಲ್ಲ. ಆದರೆ ದೇಶದ ಸಾರ್ವಭೌಮತ್ವ, ಏಕತೆ, ಅಖಂಡತೆಗಳನ್ನು ಅಪಾಯಕ್ಕೊಡ್ಡುವ ಕೃತ್ಯಗಳನ್ನು ಕುರಿತ 152ನೆಯ ಕಲಮು ಏಳು ವರ್ಷದವರೆಗಿನ ಅಥವಾ ಆಜೀವ ಕಾರಾವಾಸದ ಶಿಕ್ಷೆಯೊಡನೆ ಅಲ್ಲಿ ನಿಂತಿದೆ. ಆ ಕಲಮಿನ ಕೆಳಗೆ ಮೊದಲ ವರ್ತಮಾನ ವರದಿಯನ್ನು ಬರೆಯಲು ಕುಳಿತ ಠಾಣಾಧಿಕಾರಿಯ ಮುಂದೆ, ಹಿಂಸೆಯ ಸಾಮೀಪ್ಯವೆಷ್ಟು ಎಂಬ ಪ್ರಶ್ನೆಯು ಬೀದರಿನ ಆ ನಾಟಕದ ನೆನಪಿನೊಡನೆ ಸದಾ ಎದ್ದುನಿಲ್ಲಲಿ ಎಂಬುದು ನನ್ನ ಹಾರೈಕೆ.

5

ಇನ್ನು ಮುರ್ಕಿಯ ದುರಂತಕ್ಕೆ ಬರೋಣ. 2018ರ ಜುಲೈ 13ರಂದು ಹೈದರಾಬಾದಿನಿಂದ ಬಂದ ಕೆಲವು ತರುಣರು ಔರಾದ ತಾಲ್ಲೂಕಿನ ಹಂದಿಕೇರಾ ಬಳಿ ವಾಹನವನ್ನು ನಿಲ್ಲಿಸಿಕೊಂಡಿದ್ದಾಗ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅವರಲ್ಲೊಬ್ಬರು ಕತಾರ್ ದೇಶದ ಪ್ರಜೆ. ಅತಿಥಿಯು ಮಕ್ಕಳ ಕೈಗೆ ಸಿಹಿಯಿಡುವುದು ನಮ್ಮ ನಾಡಿನಲ್ಲಿ ಎಂದಿನ ಸೌಜನ್ಯ. ಆದರೆ ಆ ತಿಂಗಳುಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ವದಂತಿಯು ಮೊಬೈಲಿನಿಂದ ಮೊಬೈಲಿಗೆ ಹಾರುತ್ತ ದೇಶವನ್ನೇ ಆವರಿಸಿತ್ತು. ಕರಾಚಿಯ ಸಂಸ್ಥೆಯೊಂದು ಮಕ್ಕಳ ರಕ್ಷಣೆಯ ಅರಿವಿಗಾಗಿ ತಯಾರಿಸಿದ ಚಿತ್ರದ ಕಡೆಯ ಭಾಗವನ್ನು ಕತ್ತರಿಸಿ ತೆಗೆದು, ನಿಜವಾದ ಅಪಹರಣವೆಂಬಂತೆ ಹಂಚಿದ ತುಣುಕೂ ಅದರಲ್ಲಿ ಸೇರಿತ್ತು. ಹಂದಿಕೇರಾದಲ್ಲಿ ಮಾತಿಗೆ ಮಾತು ಬೆಳೆದು, ಭಯಗೊಂಡ ತರುಣರು ವಾಹನವನ್ನೇರಿ ಹೊರಟರೆ, ಅವರಿಗಿಂತ ವೇಗವಾಗಿ ವಾಟ್ಸ್‌ಆ್ಯಪ್ ಸಂದೇಶವು ಮುರ್ಕಿಯನ್ನು ತಲುಪಿತು. ಅಲ್ಲಿ ದಾರಿಯನ್ನು ಅಡ್ಡಗಟ್ಟಲಾಯಿತು. ವಾಹನವು ರಸ್ತೆಬದಿಯ ತಗ್ಗಿಗೆ ಉರುಳಿತು. ಸುತ್ತುವರಿದ ಗುಂಪು ಕಲ್ಲು ಬಡಿಗೆಗಳಿಂದ ಹೊಡೆಯಿತು. ಹೈದರಾಬಾದಿನ ಒಬ್ಬ ತರುಣ ಸಾಫ್ಟ್‌ವೇರ್ ಎಂಜಿನಿಯರನು ಪ್ರಾಣಬಿಟ್ಟನು. ಜತೆಗಾರರು ತೀವ್ರವಾಗಿ ಗಾಯಗೊಂಡರು. ಅವರನ್ನು ಉಳಿಸಲೆಂದು ಗುಂಪಿನೊಳಕ್ಕೆ ನುಗ್ಗಿದ ಪೊಲೀಸರಲ್ಲಿಯೂ ಹಲವರು ಏಟು ತಿಂದರು. ಅವರ ಧೈರ್ಯದಿಂದಲೇ ಉಳಿದವರು ಬದುಕಿದರೆಂಬುದನ್ನು ನಾವು ಕೃತಜ್ಞತೆಯಿಂದ ಸ್ಮರಿಸತಕ್ಕದ್ದು.

ಈ ಹತ್ಯೆ ನಡೆದ ನಾಲ್ಕೇ ದಿನಗಳಲ್ಲಿ, ಜುಲೈ 17ರಂದು, ತಹಸೀನ್ ಪೂನಾವಾಲಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಗುಂಪುಹತ್ಯೆಗಳನ್ನು ತಡೆಯಲು ಪ್ರತಿಯೊಂದು ಜಿಲ್ಲೆಯಲ್ಲಿಯೂ ಪೊಲೀಸ್ ಅಧೀಕ್ಷಕರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯನ್ನು ನೇಮಿಸಬೇಕು, ಪ್ರಕರಣಗಳನ್ನು ಶೀಘ್ರವಾಗಿ ವಿಚಾರಿಸಬೇಕು, ಸಂತ್ರಸ್ತರಿಗೆ ಪರಿಹಾರ ಯೋಜನೆ ರೂಪಿಸಬೇಕು ಎಂಬ ನಿರ್ದೇಶನಗಳನ್ನು ಕೊಟ್ಟು, ಪ್ರತ್ಯೇಕ ಅಪರಾಧವನ್ನೇ ಸೃಷ್ಟಿಸುವಂತೆ ಸಂಸತ್ತಿಗೆ ಸೂಚಿಸಿತು. ಅದೇ ತಿಂಗಳಿನಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೂಡಲಾಗದಂತೆ ಮಿತಿಯನ್ನು ಹಾಕಿತು. ಆರು ವರ್ಷಗಳ ಬಳಿಕ ಜಾರಿಗೆ ಬಂದ ಹೊಸ ಸಂಹಿತೆಯ 103ನೆಯ ಕಲಮಿನ ಎರಡನೆಯ ಉಪಕಲಮು, ಐವರು ಅಥವಾ ಅದಕ್ಕಿಂತ ಹೆಚ್ಚು ಜನ ಕೂಡಿ ಜನಾಂಗ, ಜಾತಿ, ಸಮುದಾಯ, ಲಿಂಗ, ಜನ್ಮಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂತಹುದೇ ಬೇರೆ ಕಾರಣಕ್ಕಾಗಿ ಕೊಲೆ ಮಾಡಿದರೆ, ಅವರಲ್ಲಿ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಆಜೀವ ಕಾರಾವಾಸವೆಂದು ವಿಧಿಸುತ್ತದೆ.

ಇದು ಸ್ವಾಗತಾರ್ಹವೇ, ಆದರೆ ಮುರ್ಕಿಯಂತಹ ಘಟನೆಯನ್ನು ಈ ಉಪಕಲಮಿನ ಮುಂದೆ ಇಟ್ಟು ನೋಡಿದರೆ ಒಂದು ಕೊರತೆ ಕಾಣುತ್ತದೆ. ಅಲ್ಲಿ ಗುಂಪನ್ನು ಕೆರಳಿಸಿದ್ದು ಮಕ್ಕಳನ್ನು ಕದಿಯುವರೆಂಬ ಸುಳ್ಳು ಭಯ. ಜಾತಿ, ಭಾಷೆ, ಜನ್ಮಸ್ಥಳಗಳ ದ್ವೇಷವು ಸಿದ್ಧವಾಗದೆ ಹೋದಲ್ಲಿ, ವದಂತಿಯಿಂದ ಹುಟ್ಟಿದ ಕೊಲೆಯು ‘ಅಂತಹುದೇ ಬೇರೆ ಕಾರಣ’ವೆಂಬ ಮಾತಿನೊಳಗೆ ಹೊಂದೀತೆ ಎಂಬುದು ವಾದಕ್ಕೆ ಎಡೆಗೊಡುವ ವಿಷಯ. ಹೊಂದದಿದ್ದರೂ ಕಾನೂನು ಕೈಚೆಲ್ಲಿ ಕೂರಬೇಕಾದುದಿಲ್ಲ: ಕೊಲೆಯ ಸಾಮಾನ್ಯ ಕಲಮಿನೊಡನೆ 190ನೆಯ ಕಲಮು, ಅಂದರೆ ಹಳೆಯ 149ನೆಯದು, ಅಕ್ರಮ ಕೂಟದ ಸಮಾನ ಉದ್ದೇಶದ ಸಾಧನೆಗಾಗಿ ನಡೆದ ಅಪರಾಧಕ್ಕೆ ಆ ಕೂಟದ ಪ್ರತಿಯೊಬ್ಬ ಸದಸ್ಯನನ್ನೂ ಹೊಣೆಯಾಗಿಸುತ್ತದೆ. ಕಲ್ಲೆಸೆದವನು ಮಾತ್ರ ಅಪರಾಧಿಯಲ್ಲ; ಉದ್ದೇಶವನ್ನು ಹಂಚಿಕೊಂಡು ಗುಂಪಿನಲ್ಲಿ ನಿಂತವನೂ ಅಪರಾಧಿ. ಭಯ ಹುಟ್ಟಿಸುವ ವದಂತಿಯನ್ನು ಉದ್ದೇಶಪೂರ್ವಕವಾಗಿ ಹರಡುವವನಿಗೆ 353ನೆಯ ಕಲಮು ಮೂರು ವರ್ಷದವರೆಗಿನ ಕಾರಾವಾಸವನ್ನು ಹೇಳುತ್ತದೆ.

ಮಹಮೂದ ಗವಾನನ ಮೇಲೆ ಹೊರಿಸಿದ ಪತ್ರಕ್ಕೂ ಮುರ್ಕಿಗೆ ಬಂದ ಸಂದೇಶಕ್ಕೂ ಐದು ಶತಮಾನಗಳಿಗೆ ಮಿಕ್ಕ ಅಂತರವಿದೆ. ಎರಡರಲ್ಲಿಯೂ ನಡೆದ ಅಧರ್ಮವೊಂದೇ. ಆರೋಪವೇ ತೀರ್ಪಾಯಿತು, ತೀರ್ಪೇ ವಧೆಯಾಯಿತು, ಆರೋಪಿತನ ಮಾತನ್ನು ಕೇಳುವಷ್ಟು ಹೊತ್ತು ಯಾರಿಗೂ ಇರಲಿಲ್ಲ. ಸುಲ್ತಾನನ ಸಿಂಹಾಸನದಲ್ಲಿ ಅಂದು ಕುಳಿತಿದ್ದ ದುಡುಕು ಇಂದು ರಸ್ತೆಯ ನಡುವೆ ಗುಂಪಿನ ರೂಪದಲ್ಲಿ ನಿಂತಿದೆ. ಮಕ್ಕಳನ್ನು ಕಾಪಾಡುತ್ತೇವೆಂದು ಹೊರಟ ಗುಂಪು ಒಬ್ಬ ತಾಯಿಯ ಮಗನನ್ನು ಕೊಂದಿತು. ಊರಿನ ಶಾಂತಿಯನ್ನು ಉಳಿಸುತ್ತೇವೆಂದು ಹೊರಟು ಊರಿನ ಹೆಸರಿಗೆ ಅಳಿಸಲಾಗದ ನೋವನ್ನು ಅಂಟಿಸಿತು. ನೀತಿಯ ಕಾವಲು ತನ್ನದೆಂದು ತಾನೇ ನೇಮಿಸಿಕೊಂಡ ಗುಂಪಿಗಿಂತ ದೊಡ್ಡ ನೀತಿಭಂಜಕನನ್ನು ನಾನು ಕಾಣೆನು.

6

ಸದಾಚಾರದ ಅಪರಾಧಗಳಲ್ಲಿ ನಮ್ಮ ಠಾಣೆಗಳಿಗೆ ಅತಿ ಪರಿಚಿತವಾದುದು ಜೂಜು. ಹಬ್ಬದ ರಾತ್ರಿ ಕಂಬದ ದೀಪದ ಕೆಳಗೆ ಅಂದರ್-ಬಾಹರ್ ಆಡುವವರು, ಮಟ್ಕಾದ ಚೀಟಿ ಬರೆಯುವವರು ಕರ್ನಾಟಕ ಪೊಲೀಸ್ ಅಧಿನಿಯಮ 1963ರ ಕಲಮುಗಳಡಿ ಸಿಕ್ಕಿಬೀಳುತ್ತಾರೆ. ಪಂಚನಾಮೆಯಲ್ಲಿ ಇಸ್ಪೀಟು ಎಲೆ ಐವತ್ತೆರಡು, ನಗದು ಇಷ್ಟೆಂದು ಬರೆಯಲಾಗುತ್ತದೆ. ಈ ಅಪರಾಧಗಳು ಅಸಂಜ್ಞೇಯವೆಂದು ಪರಿಗಣಿತವಾಗಿದ್ದಾಗ, ತನಿಖೆಗೆ ಮೊದಲು ದಂಡಾಧಿಕಾರಿಯ ಅನುಮತಿ ಬೇಕಾಗಿತ್ತು. ಠಾಣೆಯಿಂದ ಬಂದ ಮನವಿಯ ಅಂಚಿನಲ್ಲಿಯೇ ‘ಅನುಮತಿಸಲಾಗಿದೆ’ ಎಂದು ಗೀಚಿ ಸಹಿಮಾಡಿ ಹಿಂದಿರುಗಿಸುವ ರೂಢಿಯನ್ನು ಕಲಬುರಗಿ ಪೀಠವು 2019ರಲ್ಲಿ ಒಪ್ಪಲಿಲ್ಲ. ದಂಡಾಧಿಕಾರಿಯು ಮನಸ್ಸಿಟ್ಟು ಪರಿಶೀಲಿಸಿ, ಕಾರಣವನ್ನು ಆದೇಶಪತ್ರದಲ್ಲಿ ಬರೆದು ಅನುಮತಿ ಕೊಡತಕ್ಕದ್ದೆಂದು ಮಾರ್ಗಸೂಚಿಯನ್ನು ವಿಧಿಸಿತು. ನೂರಿನ್ನೂರು ರೂಪಾಯಿಯ ಜೂಜಿಗೆ ಇಷ್ಟೊಂದು ವಿಧಿವಿಧಾನವೇ ಎಂದು ಕೇಳುವವರಿದ್ದಾರೆ. ಅಲ್ಪವಾದ ಅಪರಾಧದಲ್ಲಿ ಸಿಕ್ಕಿಬೀಳುವವನು ಬಹುಮಟ್ಟಿಗೆ ಬಡವನು, ವಕೀಲನಿಲ್ಲದವನು, ಒಂದು ದಿನದ ಕೂಲಿ ಬಿಟ್ಟು ನ್ಯಾಯಾಲಯಕ್ಕೆ ಬಂದವನು. ವಿಧಿಯನ್ನು ಅವನಿಗಾಗಿ ಪಾಲಿಸದ ನ್ಯಾಯಾಂಗವು ಯಾರಿಗಾಗಿ ಪಾಲಿಸೀತು?

ನೀತಿಯನ್ನು ಕಾನೂನು ಸ್ಪರ್ಶಿಸಲೇಕೂಡದೆಂದು ನಾನು ಹೇಳುವವನಲ್ಲ. 1982ರ ಕರ್ನಾಟಕ ದೇವದಾಸಿಯರ ಸಮರ್ಪಣಾ ನಿಷೇಧ ಅಧಿನಿಯಮವು ಧರ್ಮದ ಹೆಸರಿನಲ್ಲಿ ನಡೆಯುತ್ತಿದ್ದ ರೂಢಿಯೊಂದನ್ನು ಅಪರಾಧವೆಂದು ಸಾರಿತು. ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ 2017ರ ಅಧಿನಿಯಮವೂ ಇದೇ ಹಾದಿಯದು. ಇವೆರಡೂ ಬಹುಜನರ ರೂಢಿಯ ಎದುರಿಗೆ ಒಬ್ಬ ಹೆಣ್ಣುಮಗಳ, ಒಬ್ಬ ನಿರಾಶ್ರಿತನ ಮಾನವನ್ನು ರಕ್ಷಿಸಲು ನಿಂತುವು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಸಾಂವಿಧಾನಿಕ ನೀತಿಯು ಸಹಜವಾಗಿ ಬರುವುದಿಲ್ಲ, ಅದನ್ನು ಬೆಳೆಸಿಕೊಳ್ಳಬೇಕೆಂದು ಹೇಳಿದುದೂ, 2018ರ ನವತೇಜ್ ಜೋಹರ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನೀತಿಯನ್ನೇ ಆಧಾರವಾಗಿಟ್ಟು ಪ್ರಾಪ್ತವಯಸ್ಕರ ಖಾಸಗಿ ಸಮ್ಮತ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟುದೂ ಒಂದೇ ಸರಣಿಯ ಮಾತುಗಳು. ಯಾರಾದರೊಬ್ಬರ ದೇಹಕ್ಕೆ, ಮಾನಕ್ಕೆ, ಸ್ವಾತಂತ್ರ್ಯಕ್ಕೆ ಧಕ್ಕೆ ಬಂದಲ್ಲಿ ಸದಾಚಾರದ ಕಾನೂನು ಎಷ್ಟು ಬಲವಾಗಿದ್ದರೂ ಸಲ್ಲುತ್ತದೆ. ನೋಡುವವನ ಅಸಹನೆಯೊಂದೇ ಆಧಾರವಾದಲ್ಲಿ ಎಷ್ಟು ಮೃದುವಾಗಿದ್ದರೂ ಸಲ್ಲದು.

7

ಕಾನೂನಿನ ಪುಸ್ತಕವನ್ನು ತಿದ್ದುವುದು ಸಂಸತ್ತಿನ ಕೆಲಸ. ಅದನ್ನು ಅರ್ಥೈಸುವುದು ನ್ಯಾಯಾಲಯದ ಕೆಲಸ. ಆದರೆ ಒಂದು ಕೆಲಸವು ನಮ್ಮದೇ, ಬೇರೆ ಯಾರೂ ಮಾಡಲಾಗದುದು. ದೊಂಬಿಯ ಪ್ರಕರಣಗಳು ನಿಲ್ಲುವುದೂ ಬೀಳುವುದೂ ಸಾಕ್ಷಿಗಳ ಮೇಲೆ. ಇಂಥವನು ಅಲ್ಲಿದ್ದನು, ಇಂಥವನು ಕಲ್ಲೆತ್ತಿದನು, ಇಂಥವನು ದಾರಿ ಕಟ್ಟಿದನು ಎಂದು ಹೇಳಬಲ್ಲವರು ಆ ಊರಿನವರೇ. ನೆರೆಮನೆಯವನ ವಿರುದ್ಧ, ಬೀಗರ ವಿರುದ್ಧ, ತನ್ನ ಜಾತಿಯವನ ವಿರುದ್ಧ ಕಟಕಟೆಯಲ್ಲಿ ನಿಂತು ನಿಜ ನುಡಿಯಬೇಕಾದಾಗ ಊರಿಗೆ ಊರೇ ನಾಲಗೆ ಕಟ್ಟಿಕೊಂಡರೆ, ಎಂತಹ ಕಠಿಣವಾದ ಕಲಮೂ ಬರಿಯ ಅಕ್ಷರವಾಗಿ ಉಳಿಯುತ್ತದೆ. ಹಾಗೆಯೇ, ತನಗೆ ಬೇಡವಾದ ನಾಟಕವನ್ನು, ಭಾಷಣವನ್ನು, ಮದುವೆಯನ್ನು ಕಂಡು ಫಿರ್ಯಾದಿ ಬರೆಯಲು ಹೊರಟ ಬಂಧುವಿಗೆ, ಇದರಿಂದ ಯಾರ ಮೈಗೆ, ಯಾರ ಮನೆಗೆ ಅಪಾಯ ಬಂದಿತಪ್ಪಾ ಎಂದು ಕೇಳಿ ತಡೆಯಬಲ್ಲವರೂ ನಾವೇ.

ಭಾಲ್ಕಿಯ ಮಠವು ಅನುಮತಿಗೆ ಕಾಯದೆ ಅಕ್ಷರವನ್ನು ಕಲಿಸಿದುದರಿಂದ ಇಂದು ನಾನು ಈ ವೇದಿಕೆಯ ಮೇಲೆ ಕನ್ನಡದಲ್ಲಿ ಮಾತನಾಡಲು ಸಾಧ್ಯವಾಗಿದೆ. ಆ ಅಕ್ಷರವನ್ನು ಪಡೆದ ನಾವು ಅದರ ಋಣವನ್ನು ತೀರಿಸಬೇಕಾದುದು ಕೈಗೆ ಬಂದ ಸಂದೇಶವನ್ನು ಪರೀಕ್ಷಿಸದೆ ಮುಂದೂಡದಿರುವುದರಿಂದ, ಪರವೂರಿನವನನ್ನು ವಿಚಾರಿಸದೆ ಕಳ್ಳನೆನ್ನದಿರುವುದರಿಂದ, ಒಪ್ಪದ ಮಾತಿಗೆ ಮಾತಿನಿಂದಲೇ ಉತ್ತರಕೊಡುವುದರಿಂದ, ಮತ್ತು ಕಣ್ಣಾರೆ ಕಂಡ ಹಿಂಸೆಯನ್ನು ನ್ಯಾಯಾಲಯದಲ್ಲಿ ಬಾಯಾರೆ ಹೇಳುವುದರಿಂದ. ಇಷ್ಟು ನಡೆದಲ್ಲಿ ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳ ಶಾಂತಿಗೆ ಪೊಲೀಸರ ಲಾಠಿಯು ಅಪರೂಪಕ್ಕೆ ಬೇಕಾದೀತು. ನಡೆಯದಿದ್ದಲ್ಲಿ ಸಂಹಿತೆಗಳು ಎಷ್ಟು ಸಾರಿ ಹೊಸದಾದರೂ ಅವು ನಮ್ಮನ್ನು ನಮ್ಮಿಂದ ಕಾಯಲಾರವು.